ಹರಕೆಯ ಕೂಸು

ಊರಲ್ಲಿ ನನ್ನನ್ನು ಸೂಜಿ ಫಾಯ್ಕಾ ಅಂತಲೇ ಕರೆಯುತ್ತಾರೆ. ಈಜಿಪ್ಟಿನ ಅಸಿಯೂತ್ ಕಡೆಯ ಈ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್ ಆಗಿದ್ದೇನೆ. ನನ್ನ ಕೈಯಲ್ಲಿ ಅಳದ ಕ್ರೈಸ್ತರೂ ಇಲ್ಲ, ಮುಸಲ್ಮಾನರೂ ಇಲ್ಲ.

ಆ ಬೆಳಿಗ್ಗೆ ಲಬೀಬಾ ದೊಡ್ಡಮ್ಮನ ಮನೆಗೆ ಹೋದಾಗ ಅಂಗಳದ ಒಲೆ ಉರಿಯುತ್ತಿತ್ತು. ಬಿಸಿಲಿಗಿಟ್ಟು ಉಬ್ಬಿಸಿದ ಹಿಟ್ಟಿನ ರೊಟ್ಟಿಗಳನ್ನು ಆಕೆ ಒಂದೊಂದಾಗಿ ಒಲೆಯೊಳಗೆ ತಳ್ಳುತ್ತಿದ್ದಳು. ಮಗ ನಾಶಿದ್ ಚಹಾ ಕುಡಿಯುತ್ತಿದ್ದ. ನೋಡಿದರೆ ಯಾವ ತೊಂದರೆಯೂ ಇಲ್ಲದ ಮನೆ.

ಒಳಕೋಣೆಯಲ್ಲಿ ಸೊಸೆ ದಮ್ಯಾನಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂವತ್ತನಾಲ್ಕು ದಿನದ ಹೆಣ್ಣುಕೂಸು. ಎರಡು ದಿನದಿಂದ ಮೈ ಕೆಂಡ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ನಾನು ಚೀಲ ಬಿಚ್ಚಿದೆ.

"ಸೂಜಿ ಆಚೆ ಇಡೇ ಫಾಯ್ಕಾ," ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. "ಅದು ಹರಕೆಯ ಕೂಸು. ಬೆಟ್ಟದ ಮಠದ ಸಂತರ ಸೊತ್ತು. ಅಲ್ಲಿ ದೀಕ್ಷಾಸ್ನಾನ ಆಗೋವರೆಗೂ ಕತ್ತರಿ ಸೋಕಬಾರದು, ಸೂಜಿ ಸೋಕಬಾರದು."

"ಮಠದ ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿದೆ ದೊಡ್ಡಮ್ಮ. ಈ ಕೂಸಿಗೆ ನಾಲ್ಕು ದಿನ ಇದೆಯೋ ಇಲ್ಲವೋ!"

"ಹರಕೆ ಮುರಿದರೆ ನಾಲ್ಕು ಗಳಿಗೆಯೂ ಇರಲ್ಲ."

ನಮ್ಮ ಕ್ರೈಸ್ತರ ಹುಚ್ಚು ಇದು. ಬೀದಿ ಕೊನೆಯಲ್ಲೇ ಚರ್ಚಿದೆ, ಸ್ನಾನದ ತೊಟ್ಟಿಯಿದೆ, ಪಾದ್ರಿಯಿದ್ದಾರೆ. ಆದರೂ ಮಗು ಹೊಟ್ಟೆಯಲ್ಲಿರುವಾಗಲೇ ದೂರದ ಮಠಕ್ಕೆ ಹರಕೆ ಹೊರುತ್ತಾರೆ. ಅಲ್ಲಿಯ ಹಬ್ಬದ ದಿನವೇ ಸ್ನಾನವಾಗಬೇಕು, ಕುರಿ ಕಡಿಯಬೇಕು, ನೆಂಟರೆಲ್ಲ ನೋಡಬೇಕು. ಸ್ನಾನವಾಗದ ಮಗು ಚರ್ಚಿನ ಲೆಕ್ಕಕ್ಕೇ ಇಲ್ಲ ಅಂತ ಎದೆ ಬಡಿದುಕೊಳ್ಳುವವರೂ ಇವರೇ, ಅದನ್ನು ತಿಂಗಳುಗಟ್ಟಲೆ ಹೊರಗೆ ಕಾಯಿಸುವವರೂ ಇವರೇ.

ಅದರ ಹಿಂದಿನ ವರ್ಷ ಇದೇ ಮನೆಯಲ್ಲಿ ದಮ್ಯಾನಾಳ ಗಂಡುಮಗು ಹಬ್ಬಕ್ಕೆ ಹನ್ನೊಂದು ದಿನವಿರುವಾಗ ಹೋಯಿತು. ಸ್ನಾನವಾಗಿರಲಿಲ್ಲವೆಂದು ಶವಪ್ರಾರ್ಥನೆಯೂ ಆಗಲಿಲ್ಲ. ದೊಡ್ಡಮ್ಮನ ಕಪ್ಪು ಶಾಲಿನಲ್ಲಿ ಸುತ್ತಿ ಸ್ಮಶಾನದ ಗೋಡೆಯ ಹಿಂದೆ ಮಣ್ಣು ಮಾಡಿದರು. ಅಷ್ಟಾದರೂ ಈ ಕೂಸಿನ ಮೇಲೂ ಅದೇ ಹರಕೆ. ಹೆಸರು ಕೂಡ ಇಟ್ಟಿರಲಿಲ್ಲ.

ಓಡಿಹೋಗಿ ಪಾದ್ರಿ ಅಬೂನಾ ಬಿಸಂತಿಯವರನ್ನು ಕರೆತಂದೆ. ವಯಸ್ಸಾದವರು, ಏದುಸಿರು ಬಿಡುತ್ತಲೇ ಬಂದರು.

"ಲಬೀಬಾ, ದೀಕ್ಷಾಸ್ನಾನ ಸಂತರಿಗೆ ನಾವು ಕೊಡೋ ಉಡುಗೊರೆ ಅಲ್ಲಮ್ಮ. ಮಗುವಿಗೆ ದೇವರು ಕೊಡೋದು. ಕಾಯಿಲೆ ಬಿದ್ದ ಮಗುವಿಗೆ ದಿನ ನೋಡಬೇಕಾಗಿಲ್ಲ. ಮೊದಲು ಸೂಜಿ ಹಾಕಿಸು, ಈಗಲೇ ಚರ್ಚಿಗೆ ತಾ."

"ನಿಮಗೇನು ಅಬೂನಾ, ಹೇಳ್ತೀರಿ! ಮಾತು ಕೊಟ್ಟವಳು ನಾನು. ಸಂತರು ಸಿಟ್ಟಾದರೆ ನಿಮ್ಮ ಮನೆ ಬಾಗಿಲು ತಟ್ಟಲ್ಲ."

"ಕೂಸಿನ ಮೇಲೆ ಸಿಟ್ಟು ತೀರಿಸಿಕೊಳ್ಳೋರನ್ನ ಸಂತರು ಅಂತ ಯಾರಾದ್ರೂ ಕರೀತಾರಾ?"

"ತಿಳಿದೋರು, ನಿಮ್ಮ ಹತ್ರ ವಾದ ಮಾಡಕ್ಕೆ ನನಗೆ ಬರಲ್ಲ. ನಮ್ಮತ್ತೆ ಹರಕೆ ತೀರಿಸಿದ್ರು, ನಾನು ತೀರಿಸ್ದೆ. ನಾಶಿದ್ ಬದುಕಿಲ್ವಾ?"

ಬದುಕಿದ್ದ ನಾಶಿದ್ ಲೋಟ ನೋಡುತ್ತಾ ಹೇಳಿದ, "ಅವ್ವ ಹೇಳಿದ ಹಾಗೆ ಆಗ್ಲಿ, ಅಬೂನಾ."

ನಾನು ಬಾಯಿ ತೆರೆಯುವ ಮೊದಲೇ ದಮ್ಯಾನಾ ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿದಳು.

"ಹಾಕಕ್ಕ," ಎಂದಳು.

"ದಮ್ಯಾನಾ!" ದೊಡ್ಡಮ್ಮ ಕೂಗಿದಳು.

"ಒಂದನ್ನ ನಿಮ್ಮ ಮಾತು ಕೇಳಿ ಕೊಟ್ಟೆ ಅತ್ತೆ. ಇದನ್ನ ಕೊಡಲ್ಲ."

ನಾನು ಸೂಜಿ ಹಾಕಿದೆ. ಕೂಸಿಗೆ ಅಳಲೂ ಶಕ್ತಿಯಿರಲಿಲ್ಲ. ದಮ್ಯಾನಾ ಅದನ್ನು ಎದೆಗವಚಿಕೊಂಡು ಅಂಗಳಕ್ಕಿಳಿದಳು.

"ಹೆಣ್ಣು ಹೆತ್ತ ಎಂಬತ್ತು ದಿನದ ಮೈಲಿಗೆ ಕಳೆದಿಲ್ಲ! ಚರ್ಚಿಗೆ ಕಾಲಿಡ್ತೀಯೇನೇ?"

"ಕಾಲಿಡಲ್ಲ ಅತ್ತೆ. ಬಾಗಿಲಲ್ಲಿ ನಿಲ್ತೀನಿ. ನನ್ನ ಮಗಳು ಒಳಗೆ ಹೋಗ್ಲಿ."

ಹಾಡುಹಗಲು. ಜಗಲಿಯ ಮೇಲೆ ಬಟಾಣಿ ಸುಲಿಯುತ್ತಿದ್ದ ಹೆಂಗಸರು ಸುಲಿಯುವುದನ್ನೇ ಬಿಟ್ಟು ನೋಡಿದರು. "ಬಾಣಂತಿ ಬೀದಿಗಿಳಿದಳಲ್ಲೇ!" ಎಂದಳೊಬ್ಬಳು. ದಮ್ಯಾನಾ ತಲೆ ತಗ್ಗಿಸಲಿಲ್ಲ. ಹಿಂದೆಯೇ ನಾನೂ ಅಬೂನಾರೂ ನಡೆದೆವು. ಚರ್ಚಿನ ಹೊಸ್ತಿಲಲ್ಲಿ ಕೂಸನ್ನು ನನ್ನ ಕೈಗಿತ್ತು ಹೊರಗೇ ನಿಂತಳು.

ನೀರು ಬೆಚ್ಚಗಾಗಿಸಿದರು. ಸ್ನಾನಕ್ಕೆ ಮೊದಲು ಮಗುವಿನ ಪರವಾಗಿ ಅದನ್ನು ಎತ್ತಿಕೊಂಡವರು ಪಶ್ಚಿಮಕ್ಕೆ ತಿರುಗಿ, ಕೈಯೆತ್ತಿ ಸೈತಾನನನ್ನು ತೊರೆಯಬೇಕು. ನಮ್ಮ ಚರ್ಚಿನ ಬಾಗಿಲಿರುವುದೂ ಪಶ್ಚಿಮಕ್ಕೇ. ತಿರುಗಿದರೆ ಬೆಳಕಿನಲ್ಲಿ ದಮ್ಯಾನಾ. ನಾನು ತಡವರಿಸುವಷ್ಟರಲ್ಲಿ ಅವಳೇ ಹೊರಗಿನಿಂದ ಕೈಯೆತ್ತಿ, "ನಿನ್ನನ್ನು ತೊರೆಯುತ್ತೇನೆ ಸೈತಾನನೇ, ನಿನ್ನ ಎಲ್ಲ ಕೆಲಸಗಳನ್ನೂ ತೊರೆಯುತ್ತೇನೆ," ಎಂದು ಕೂಗಿದಳು. ಅಬೂನಾ ಸುಮ್ಮನೆ ತಲೆಯಾಡಿಸಿ ಮುಂದುವರಿಸಿದರು.

ಮೂರು ಸಲ ನೀರು. ಮೂರನೆಯದಕ್ಕೆ ಕೂಸು ಕಿರುಚಿತು. ಆ ಎರಡು ದಿನದಲ್ಲಿ ಅದು ಅತ್ತದ್ದು ಅದೇ ಮೊದಲು. ವೆರೇನಾ ಎಂದು ಹೆಸರಾಯಿತು. ಇಂದಿಗೂ ಬದುಕಿದ್ದಾಳೆ, ನನ್ನ ಚೀಲ ಕಂಡರೆ ಮಂಚದಡಿ ಸೇರುತ್ತಾಳೆ.

ಆದರೆ ನಾನು ಹೇಳಬೇಕಾದದ್ದು ಅವಳ ವಿಷಯವಲ್ಲ. ಕೂಸನ್ನು ಹೊರಗೆ ತಂದಾಗ ದಮ್ಯಾನಾಳ ಹಿಂದೆ ದೊಡ್ಡಮ್ಮ ನಿಂತಿದ್ದಳು, ಕೈಗೆಲ್ಲ ಹಿಟ್ಟು. ಬೈಯುತ್ತಾಳೆ ಅಂದುಕೊಂಡೆ. ಆಕೆ ಒದ್ದೆ ಕೂಸನ್ನು ನೋಡಿದಳು, ಅಬೂನಾರನ್ನು ನೋಡಿದಳು.

"ಇಷ್ಟೇನಾ?" ಎಂದಳು. "ಇಷ್ಟೇ ಆಗಿದ್ರೆ... ಇವಳಿಗೆ ಇವತ್ತೇ ಆಗೋದಾದ್ರೆ, ನನ್ನ ಗಂಡುಕೂಸಿಗೆ ಯಾಕೆ ಆಗ್ಲಿಲ್ಲ? ಅವನನ್ನ ಯಾಕೆ ಗೋಡೆ ಹಿಂದೆ ಹಾಕಿದ್ರಿ?"

ಹಿಂದಿನ ವರ್ಷವೂ ಚರ್ಚು ಅಲ್ಲೇ ಇತ್ತು, ಅಬೂನಾರೂ ಇದ್ದರು. ಹರಕೆ ಅಂದೊಡನೆ ಸೂಜಿ ಹಾಕದೆ ಬರೀ ಔಷಧದ ಪುಡಿ ಕೊಟ್ಟು, ಚೀಲ ಮುಚ್ಚಿ ಮನೆಗೆ ಹೋದವಳು ನಾನು.