ಕಡಗ ಕೊಯ್ಯಿರಿ ಎಂದವಳು

"ಪಟ್ಟಿ ಕಟ್ಟಿಸಿಕೊಂಡು ಬಂದ ಮ್ಯಾಲ ಮತ್ತೊಮ್ಮೆ ಆ ಕಾಂಪೌಂಡರನ ಕಡೆ ಹೋಗಿದ್ದೇನು? ನೆನಪ ಮಾಡ್ಕೊಂಡು ಹೇಳು ಬೇಟಿ," ಎಂದು ಮನ್ಸೂರಅಲಿ ವಕೀಲರು ಮತ್ತೆ ಕೇಳಿದರು.

ಸುರಪುರದ ಮುನ್ಸೀಫ್ ಅದಾಲತ್ತಿನ ಮುಂದಿನ ಬೇವಿನ ಮರದ ಬುಡದಲ್ಲಿ ಅಯ್ಯಮ್ಮ ಕುಳಿತಿದ್ದಳು. ಸೆರಗಿನೊಳಗೆ ಮುಚ್ಚಿಟ್ಟುಕೊಂಡ ಅವಳ ಎಡಗೈ ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಕೆಳಗೆ ಮುಗಿದುಹೋಗಿತ್ತು. ಪಕ್ಕದಲ್ಲಿ ಅತ್ತೆ ಸಾಯಬಮ್ಮ ಸಜ್ಜೆ ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿ, ತುತ್ತು ತುತ್ತಾಗಿ ಸೊಸೆಯ ಬಲಗೈಗೆ ಇಡುತ್ತಿದ್ದಳು.

"ಇಲ್ಲರಿ," ಎಂದಳು ಅಯ್ಯಮ್ಮ.

"ಇಲ್ಲಂದ್ರ ಇಲ್ಲರೀ ವಕೀಲಸಾಬ್ರ," ಸಾಯಬಮ್ಮ ರೇಗಿದಳು. "ಎಷ್ಟ ಸಲ ಕೇಳ್ತೀರಿ? ತಿನ್ನೂ ರೊಟ್ಟಿ ಗಂಟ್ಲಾಗ ಸಿಗ್ತದ ನನ್ನ ಸೊಸಿಗೆ."

ವಕೀಲರು ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿಕೊಂಡರು. "ಸುಮ್ಮ ಕೇಳಾಕತ್ತಿಲ್ಲ ಯವ್ವಾ. ಭಾಗಣ್ಣನ ಮೋಟಾರ ಪಲ್ಟಿ ಆತು, ಎಲುಬು ಮುರೀತು. ಇಷ್ಟಕ್ಕ ಭಾಗಣ್ಣ ಇಲ್ಲನ್ನಂಗಿಲ್ಲ. ಆದ್ರ ಕೈ ಹೋದದ್ದು ಪಟ್ಟಿ ಒಳಗ ಕಡಗ ಬಿಗಿದು. ಪಟ್ಟಿ ಕಟ್ಟಿದಾಂವ ತಪ್ಪ ಮಾಡಿದ್ರೂ ಹೊಣಿ ಮೋಟಾರಿನಾಂವಂದ. ಯಾಕ? ಈ ಹುಡುಗೀನ್ನ ಆ ದವಾಖಾನಿ ಬಾಗಲಕ್ಕ ಒಯ್ದು ನಿಲ್ಲಿಸಿದಾಂವ ಅವನ. ಆದ್ರ ಕಡಗ ತೆಗೀಬ್ಯಾಡ ಅಂತ ನೀವ ಹಟ ಹಿಡದ್ರಿ ಅಂದ್ರ, ಕಾನೂನು ಕೈ ಜಾಡಸ್ತದ."

"ಬ್ಯಾಡ ಅಂದದ್ದು ಖರೇ ಅದರೀ," ಎಂದಳು ಸಾಯಬಮ್ಮ.

"ಒಮ್ಮಿ ಅಂದ್ರ ಚಿಂತಿಲ್ಲ. ಬ್ಯಾನಿ ಹೆಚ್ಚಾದಾಗ ಹೋಗಿ ತೆಗೀರಿ ಅಂದಿದ್ರ ಸಾಕಿತ್ತು. ಹೋದ ತಾರೀಖಿನ ಪೇಶಿಯೊಳಗ ಆ ಕಾಂಪೌಂಡರ ಅಮರಪ್ಪ ಏನ್ ಹೇಳ್ಯಾನ? ಬ್ಯಾಡಂದು ಹೋದವರು ಹೊಳ್ಳಿ ಬರಲೇ ಇಲ್ಲ ಅಂತ ಹೇಳ್ಯಾನ. ಅದ ಒಂದು ಮಾತಿನ ಮ್ಯಾಲ ನಿಂತದ ಈ ಕೇಸು." ವಕೀಲರು ಅಯ್ಯಮ್ಮನ ಮುಖವನ್ನೊಮ್ಮೆ ನೋಡಿ, ಕರಿ ಕೋಟನ್ನು ಕೊಡವಿಕೊಂಡು ಒಳಗೆ ಹೋದರು.

ಅಯ್ಯಮ್ಮ ಬಾಯಿಗಿಟ್ಟ ತುತ್ತನ್ನು ಅಗಿಯುತ್ತಲೇ ಇದ್ದಳು. ನುಂಗುವುದೇ ಮರೆತಂತಾಗಿತ್ತು.

ಅದು ಜರ್ಮನ್ ಲಡಾಯಿಯ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲ ಹೊಗೆಯ ಮೇಲೆ ಕೆಮ್ಮುತ್ತಾ ಓಡುತ್ತಿದ್ದವು. ಕೊಂಕಲ್ಲಿನ ಅಣ್ಣನ ಮನೆಗೆ ಹೋಗಿದ್ದ ಅಯ್ಯಮ್ಮ ಊರಿಗೆ ಮರಳಲು ಶಹಾಪುರದಲ್ಲಿ ಭಾಗಣ್ಣನ ಮೋಟಾರು ಹತ್ತಿದ್ದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಮೇಲೆ ಶೇಂಗಾ ಚೀಲಗಳ ಗುಡ್ಡ. ಮೋರಿಯ ತಿರುವಿನಲ್ಲಿ ಆ ಗುಡ್ಡ ಒಂದು ಪಕ್ಕಕ್ಕೆ ವಾಲಿತು. ಕಣ್ಣು ಬಿಟ್ಟಾಗ ಕಿಟಕಿ ಆಕಾಶದ ಜಾಗದಲ್ಲಿತ್ತು, ಅವಳ ಎಡಗೈ ಯಾರದೋ ಕೈಯಂತೆ ಅಡ್ಡ ಬಿದ್ದಿತ್ತು. ಗಾಜಿನ ಬಳೆಗಳೆಲ್ಲ ಪುಡಿಯಾಗಿದ್ದವು. ಬೆಳ್ಳಿ ಕಡಗವೊಂದೇ ಉಳಿದಿತ್ತು.

ಆ ಕಡಗ ತೊಡಿಸಿದವನು ಅಂಬಣ್ಣ, ಅವಳ ಗಂಡ. ಸೊಲ್ಲಾಪುರದ ಗಿರಣಿಗೆ ಹೊರಡುವ ಹಿಂದಿನ ದಿನ, ಸಬಕಾರದ ನೊರೆ ಹಚ್ಚಿ, ಅವಳು ಹಲ್ಲು ಕಚ್ಚಿಕೊಂಡರೂ ಬಿಡದೆ ಏರಿಸಿದ್ದ. "ಇದು ನಿನ್ನ ಕೈಯಾಗ ಇರೂತನಕ ನಾ ಅದೀನಿ ಅಂತ ತಿಳಿ," ಎಂದು ನಗಾಡಿದ್ದ. ಅವನು ಹೋದ ವರ್ಷವೇ ಒಂದು ಕಾಗದ ಬಂದಿತ್ತು. ಆಮೇಲೆ ಊರಿನವರು ಸೊಲ್ಲಾಪುರಕ್ಕೆ ಹೋಗಿಬಂದರು, ಬೇರೆ ಗಂಡಸರು ಹಬ್ಬಕ್ಕೆ ಬಂದುಹೋದರು, ಅವನು ಮಾತ್ರ ಕಾಣಲಿಲ್ಲ, ಕಂಡೆವೆಂದವರೂ ಇಲ್ಲ. ಸಾಯಬಮ್ಮ ದಿನವೂ ಸಂಜೆ ಸೊಸೆಯ ಕೈ ಹಿಡಿದು ಆ ಕಡಗವನ್ನೊಮ್ಮೆ ತಿರುಗಿಸಿ ನೋಡುತ್ತಿದ್ದಳು, ನಾಡಿ ನೋಡುವವಳ ಹಾಗೆ.

ಅಯ್ಯಮ್ಮನಾದರೂ ಬೇರೆ ಏನು ನಂಬಿಯಾಳು? ಕೊಂಕಲ್ಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ ಕಥೆಗಳಲ್ಲಿ ಯಾರ ಜೀವವೂ ಅವರ ಮೈಯೊಳಗೆ ಇರುತ್ತಿರಲಿಲ್ಲ. ಏಳು ಕೆರೆಯಾಚೆಯ ಆಲದ ಪೊಟರೆಯಲ್ಲೋ, ಗಿಳಿಯ ಕೊರಳಲ್ಲೋ ಬಚ್ಚಿಟ್ಟಿರುತ್ತಿತ್ತು. ಗಿಳಿಯ ಕತ್ತು ಮುಟ್ಟಿದರೆ ದೂರದೇಶದಲ್ಲಿ ಒಬ್ಬ ಕುಸಿದು ಬೀಳುತ್ತಿದ್ದ. ಕತ್ತು ಮುಟ್ಟಿದವಳು ಆಮೇಲೆ ಹೇಗೆ ಬಾಳಿದಳೆಂದು ಮಾತ್ರ ಅಜ್ಜಿ ಒಂದು ಕಥೆಯಲ್ಲೂ ಹೇಳಿರಲಿಲ್ಲ.

ತಮ್ಮೂರ ಬಾಜಾರಿನಲ್ಲಿದ್ದ ನಸೀರುದ್ದೀನ ಡಾಕ್ಟರರ ಖಾಸಗಿ ದವಾಖಾನೆಗೆ ಅವಳನ್ನು ಹೊತ್ತೊಯ್ದಾಗ ಡಾಕ್ಟರರು ಹೈದರಾಬಾದಿಗೆ ಹೋಗಿದ್ದರು. ಇದ್ದವನು ಕಾಂಪೌಂಡರ್ ಅಮರಪ್ಪ. "ಕಡಗ ಕೊಯ್ಸಬೇಕಾಗ್ತದ, ಬೆಳ್ಳಿ ಕೆಲಸದ ಪತ್ತಾರನ್ನ ಕರೀಲೇನು?" ಎಂದು ಅವನು ಕೇಳಿದ್ದು ನಿಜ. ಸುದ್ದಿ ಕೇಳಿ ಓಡಿ ಬಂದಿದ್ದ ಸಾಯಬಮ್ಮ ಕೂಗಾಡಿದ್ದೂ ನಿಜ, ಅಯ್ಯಮ್ಮ ನೋವಿನಲ್ಲೂ ತಲೆ ಅಲ್ಲಾಡಿಸಿ ಬೇಡವೆಂದದ್ದೂ ನಿಜ. ಅಮರಪ್ಪ ಕಡಗದ ಮೇಲೆಯೇ ಹಲಗೆಯಿಟ್ಟು ಪಟ್ಟಿ ಸುತ್ತಿದ.

ಅದರಾಚೆಯದು ಅಯ್ಯಮ್ಮನೊಬ್ಬಳ ಹತ್ತಿರ ಇತ್ತು.

ಅತ್ತೆ ಹತ್ತಿ ಬಿಡಿಸಲು ಹೋದ ಒಂದು ಮಧ್ಯಾಹ್ನ, ಬದನೆಕಾಯಿಯಂತೆ ಊದಿ ನೀಲಿಯಾದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಡೆ ಹಿಡಿದು ಗೋಡೆ ಹಿಡಿದು ಅವಳು ಬಾಜಾರಿಗೆ ನಡೆದಿದ್ದಳು. ಪಟ್ಟಿಯೊಳಗೆ ಕಡಗ ಒಂದು ಬಾಯಾಗಿ ಕಚ್ಚುತ್ತಿತ್ತು. "ಕಡಗ ಕೊಯ್ಯಿರಿ," ಎಂದಿದ್ದಳು ಬಾಗಿಲಲ್ಲೇ ನಿಂತು. "ಸಾಹೇಬರು ಬರೂತನಕ ಪಟ್ಟಿ ಬಿಚ್ಚಂಗಿಲ್ಲ. ಬಾವು ಬರೂದ, ಇಳೀತದ," ಎಂದು ಅಮರಪ್ಪ ಪುಡಿಯ ಪೊಟ್ಟಣ ಕೊಟ್ಟಿದ್ದ. ಡಾಕ್ಟರರು ಬರುವಷ್ಟರಲ್ಲಿ ಕೈ ಕಪ್ಪಾಗಿತ್ತು. ಗಾಡಿಯಲ್ಲಿ ಯಾದಗಿರಿ, ಅಲ್ಲಿಂದ ರೈಲು, ರೈಲಿನಾಚೆಯ ದೊಡ್ಡ ದವಾಖಾನೆ. ಎಚ್ಚರವಾದಾಗ ಕೈ ಇರಲಿಲ್ಲ, ಕಡಗ ಎರಡು ತುಂಡಾಗಿ ತಲೆದಿಂಬಿನ ಪಕ್ಕದಲ್ಲಿತ್ತು.

ಕಡಗದ ತುಂಡು ಕಂಡು ಸಾಯಬಮ್ಮ ಅತ್ತ ಅಳು ಆ ವಾರ್ಡಿನವರೆಲ್ಲ ಕೇಳಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಅವಳೇ ಹೇಳಿದ್ದಳು: "ಮೈಮ್ಯಾಗ ಖಬರ ಇಲ್ಲದಾಗ ಕೊಯ್ದಾರ. ನಿನ್ನ ಮ್ಯಾಲ ಏನದ? ನೀ ಬ್ಯಾಡಂದಿದ್ದಿ." ಅಂದಿನಿಂದ ಆ ಮಾತಿನ ಚಪ್ಪರದಡಿಯಲ್ಲೇ ಇಬ್ಬರೂ ಬದುಕಿದ್ದರು. ಅತ್ತೆ ನೀರು ಹಾಕುತ್ತಿದ್ದಳು, ಸೀರೆಯ ನೆರಿಗೆ ಹಿಡಿಯುತ್ತಿದ್ದಳು. "ಕೇಸ್ ಗೆದ್ದ್ರ ಸೊಲ್ಲಾಪುರಕ್ಕ ಹೋಗೋಣು. ಓಣಿ ಓಣಿ ತಿರಗ್ಯಾಡಿ ಹುಡುಕೋಣು," ಎನ್ನುತ್ತಿದ್ದಳು. ಅಯ್ಯಮ್ಮ ಹೂಂಗುಟ್ಟುತ್ತಿದ್ದಳು. ಆ ಮಧ್ಯಾಹ್ನ ದವಾಖಾನೆಯ ಬಾಗಿಲಲ್ಲಿ ತನಗೆ ಅಂಬಣ್ಣನ ಮುಖವೇ ನೆನಪಾಗಿರಲಿಲ್ಲ, ಕೈ ಬೇಕಾಗಿತ್ತು ಅಷ್ಟೇ ಎಂಬುದನ್ನು ಯಾರಿಗೆ ಹೇಳುವುದು? ಆ ಮನೆಯಲ್ಲಿ ಅವಳಿಗಿದ್ದವಳು ಒಬ್ಬಳೇ, ಅವಳು ಅವನ ತಾಯಿ.

ಒಳಗಿನಿಂದ ಕೂಗು ಬಂತು. ಸಾಯಬಮ್ಮ ಸೊಸೆಯ ತುಟಿ ಒರೆಸಿ, ಸೆರಗು ಸರಿಮಾಡಿ ಕಳಿಸಿದಳು.

ಗೋಡೆಯ ಮೇಲೆ ಹೈದರಾಬಾದಿನ ದೊರೆ ಹುಜೂರರ ಪಟ, ಅದರ ಕೆಳಗೆ ಮುನ್ಸೀಫ್ ಸಾಹೇಬರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಅಯ್ಯಮ್ಮ ಹೇಳಿದ್ದನ್ನು ಪೇಶಕಾರ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ. ತನ್ನ ಮಾತು ಬಲದಿಂದ ಎಡಕ್ಕೆ ಇರುವೆ ಸಾಲಿನಂತೆ ಹರಿದುಹೋಗುವುದನ್ನು ಅವಳು ನೋಡುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಭಾಗಣ್ಣ ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದಿನ ಬೆಂಚಿನ ತುದಿಯಲ್ಲಿ ಅಮರಪ್ಪ ಉಗುರು ಕಚ್ಚುತ್ತಿದ್ದ. ಬಾಗಿಲ ಬಳಿ ನೆಲದ ಮೇಲೆ ಸಾಯಬಮ್ಮ.

ಭಾಗಣ್ಣನ ವಕೀಲರು ಎದ್ದರು. ಧ್ವನಿ ಮೆತ್ತಗಿತ್ತು. "ಕಡಗ ಕೊಯ್ಸಬ್ಯಾಡ ಅಂದವರು ಯಾರಮ್ಮ?"

"ಇಬ್ಬರೂರಿ."

"ಮೊದಲ ಯಾರು?"

ಅಯ್ಯಮ್ಮ ಸೆರಗನ್ನು ಮೊಂಡು ಕೈಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ನಾ ಹೇಳ್ತೀನಿ. 'ನನ್ನ ಮಗ ಬದುಕ್ಯಾನ, ಕಡಗ ಮುಟ್ಟಿದವರ ಕೈ ಕಡೀತೀನಿ' ಅಂತ ಬಾಜಾರಕ್ಕ ಕೇಳೂಹಂಗ ಚೀರಿದಾಕಿ ಯಾರು? ನಿಮ್ಮತ್ತಿ ಅಲ್ಲೇನು?" ಬೆಂಚುಗಳಲ್ಲಿ ನಗೆ ಹರಿಯಿತು. ವಕೀಲರು ಮುನ್ಸೀಫರ ಕಡೆ ತಿರುಗಿದರು. "ಹುಜೂರ್, ಮೋಟಾರ ಮುರದದ್ದು ಎಲುಬು. ಎಲುಬು ಕೂಡತಿತ್ತು. ಈ ಹುಡುಗಿ ಕೈ ತಿಂದದ್ದು ಮೋಟಾರಲ್ಲ, ಆ ಬಾಗಲದಾಗ ಕುಂತದಲ್ಲ, ಆ ಮುದುಕಿ."

"ಸೊಸಿ ಕೈ ತಿಂದ ಅತ್ತಿ!" ಎಂದು ಯಾರೋ ಪಿಸುಗುಟ್ಟಿದರು. ಮತ್ತೆ ನಗೆ.

ಸಾಯಬಮ್ಮ ಗೋಡೆಗೆ ಕೈಯಾನಿಸಿ ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಹೌದ್ರಿ. ನಾನ ಅಂದಿದ್ದೆ," ಎಂದಳು. "ಹೆತ್ತ ಹೊಟ್ಟಿ ನೋಡ್ರಿ, ಅಂದೆ. ಬರಕೋರಿ."

ಪೇಶಕಾರ ಲೇಖನಿಯನ್ನು ಮಸಿಯಲ್ಲಿ ಅದ್ದಿದ.

"ಬರೀಬ್ಯಾಡ್ರಿ," ಎಂದಳು ಅಯ್ಯಮ್ಮ.

ಎಲ್ಲರೂ ಅವಳತ್ತ ತಿರುಗಿದರು.

"ನಾ ಹೊಳ್ಳಿ ಹೋಗಿದ್ದೆರಿ. ಅತ್ತಿ ಹತ್ತಿ ಬಿಡಸಾಕ ಹೋಗಿದ್ದಳು, ಆಕಿಗೆ ಗೊತ್ತಿಲ್ಲ. ನಾ ಒಬ್ಬಾಕೀನ ಹೋಗಿ ಬಾಗಲದಾಗ ನಿಂತು, ಕಡಗ ಕೊಯ್ಯಿರಿ ಅಂದೆ. ಖಬರ ಇತ್ತು ನನಗ. ಎಲ್ಲಾ ಗೊತ್ತಿದ್ದ ಅಂದೆ."

ಮನ್ಸೂರಅಲಿಯವರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಭಾಗಣ್ಣನ ವಕೀಲರು ನಕ್ಕರು. "ಇಷ್ಟ ದಿನ ಯಾಕ ಹೇಳಲಿಲ್ಲಮ್ಮ? ಇವತ್ತ ಕನಸ ಬಿತ್ತೇನು?"

"ನಮ್ಮತ್ತಿ ಕೇಳ್ತಾಳಂತ ಹೇಳಲಿಲ್ಲರಿ."

ಪೇಶಕಾರ ಲೇಖನಿ ಎತ್ತಿಕೊಂಡೇ ಕುಳಿತ. ಮುನ್ಸೀಫರು "ಕ್ಯಾ ಬೋಲಿ?" ಎಂದು ಕೇಳಿದಾಗ ಅವನು ಮಾತುಗಳನ್ನೇನೋ ಹೇಳಿದ, ಆದರೆ ಅತ್ತೆ ಕೇಳಿದರೇನಂತೆ ಎಂಬುದು ತಿಳಿಯದೆ ಅವರ ಹುಬ್ಬು ಸಡಿಲವಾಗಲಿಲ್ಲ. ಕಾನೂನಿಗೆ ಬೇಕಾದಷ್ಟನ್ನು ಮಾತ್ರ ಹಿಡಿದುಕೊಂಡು ಅವರು ಹಿಂದಿನ ಬೆಂಚಿನತ್ತ ಬೆರಳು ಮಾಡಿದರು. "ಕಾಂಪೌಂಡರ್. ಈಕಿ ಬಂದಿದ್ದಳಾ?"

ಅಮರಪ್ಪ ಎದ್ದು ನಿಂತ. ಭಾಗಣ್ಣನನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. "ಬಂದಿದ್ದಳ್ರಿ ಸರ್ಕಾರ," ಎಂದ ಕೊನೆಗೆ. "ಸಾಹೇಬರಿಲ್ಲದಾಗ ಪಟ್ಟಿ ಬಿಚ್ಚಿದ್ರ ನೌಕರಿ ಹೋಗ್ತದಂತ ಅಂಜಿದೆ. ತಪ್ಪಾತ್ರಿ."

ಭಾಗಣ್ಣನ ವಕೀಲರು ಕುಳಿತರು. ಲೇಖನಿ ಓಡಿತು. ಅಯ್ಯಮ್ಮ ಬಾಗಿಲ ಕಡೆ ನೋಡಿದಳು. ಸಾಯಬಮ್ಮ ನಿಂತಲ್ಲೇ ನಿಂತಿದ್ದಳು. ಅವಳ ಕಣ್ಣು ಸೊಸೆಯ ಮುಖದ ಮೇಲಿರಲಿಲ್ಲ, ಸೆರಗಿನೊಳಗಿನ ಮೊಂಡು ಕೈಯ ಮೇಲಿತ್ತು, ಆ ಕೈ ಈಗಷ್ಟೇ ತುಂಡಾದಂತೆ. ಮತ್ತೆ ನೋಡುವಷ್ಟರಲ್ಲಿ ಬಾಗಿಲು ಬರೀ ಬಿಸಿಲಾಗಿತ್ತು.

"ಗೆದ್ದಂಗ ತಿಳಿ ಬೇಟಿ!" ಹೊರಗೆ ಬಂದ ಮನ್ಸೂರಅಲಿಯವರು ಪಾನಿನ ಕೆಂಪು ನಗೆ ನಕ್ಕರು. "ಫೈಸಲಾ ಮುಂದಿನ ತಾರೀಖಿಗೆ. ಆದ್ರ ಇನ್ನ ಭಾಗಣ್ಣಗ ದಾರಿಲ್ಲ. ಬೆಳಿಗ್ಗಿನಿಂದ ಕೇಳಾಕತ್ತೀನಿ, ಬಾಯಾಗ ಬೆಲ್ಲ ಇಟ್ಕೊಂಡು ಕುಂತಿದ್ದೆಲ್ಲ!" ಅವಳ ಕಣ್ಣು ಅತ್ತೆಯನ್ನು ಹುಡುಕುವುದನ್ನು ಕಂಡು ಅವರ ನಗೆ ತಣ್ಣಗಾಯಿತು. ಬೇವಿನ ಬುಡ ಖಾಲಿಯಾಗಿತ್ತು. "ಅತ್ತಿ ಆ ಕಡೆ ಹೋದಳು, ನಡಕೋತ," ಎಂದು ಊರ ಹಾದಿಯತ್ತ ಕೈ ಮಾಡಿದರು. "ನೀ ಮೋಟಾರಿಗೆ ಹೋಗವ್ವಾ. ಬಿಸಲದ."

ಅಯ್ಯಮ್ಮ ನಡೆಯತೊಡಗಿದಳು.

ಗುಡ್ಡಗಳ ನಡುವೆ ಹಾದಿ ಬಿಳುಪಾಗಿ ಬಿದ್ದಿತ್ತು. ಬಂಡೆಗಳು ಒಂದರ ಮೇಲೊಂದು ಕುಳಿತು, ಮಾತು ಮುಗಿದ ಮೇಲೆ ಉಳಿದ ಹಿರಿಯರಂತೆ ಸುಮ್ಮನಿದ್ದವು. ಬಹಳ ಮುಂದೆ ಸಾಯಬಮ್ಮನ ಸೀರೆ ಕಂಡಿತು. ಅಯ್ಯಮ್ಮ ಬೇಗ ಬೇಗ ಹೆಜ್ಜೆ ಹಾಕಿದರೆ ಆ ಸೀರೆಯೂ ಬೇಗ ಸರಿಯುತ್ತಿತ್ತು. ಅವಳು "ಅತ್ತೀ" ಎಂದು ಕರೆದಳು. ಬಂಡೆಗಳು ಆ ಮಾತನ್ನು ತಿರುಗಿ ಅವಳಿಗೇ ಕೊಟ್ಟವು. ಮುಂದಿನವಳು ಹೊರಳಿ ನೋಡಲಿಲ್ಲ.

ಹಳ್ಳ ದಾಟುವಲ್ಲಿ ಅಯ್ಯಮ್ಮನ ಅಂಗಾಲಿಗೆ ಜಾಲಿಮುಳ್ಳು ಮುರಿಯಿತು. ಅವಳು ಕಲ್ಲಿನ ಮೇಲೆ ಕುಳಿತು, ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು, ಮೊಂಡು ಕೈಯಿಂದ ಅದನ್ನು ಅದುಮಿ ಹಿಡಿದು, ಬಲಗೈ ಉಗುರಿನಿಂದ ಮುಳ್ಳನ್ನು ಮೀಟಿದಳು. ಬರಲಿಲ್ಲ. ಮತ್ತೆ ಮೀಟಿದಳು. ಬಹಳ ಹೊತ್ತು ಹಿಡಿಯಿತು. ತಲೆ ಎತ್ತಿದಾಗ, ದೂರದ ಏರಿನ ಮೇಲೆ ಸಾಯಬಮ್ಮ ನಿಂತಿದ್ದಳು. ಬೆನ್ನು ಈ ಕಡೆಗೇ ಇತ್ತು. ಸೆರಗು ತಲೆಯ ಮೇಲೆ ಹೊದ್ದು, ಖಾಲಿ ಹೊಲಗಳನ್ನು ನೋಡುತ್ತಿರುವಂತೆ ನಿಂತಿದ್ದಳು.

ಅಯ್ಯಮ್ಮ ಎದ್ದು ಕುಂಟುತ್ತಾ ಒಂದು ಹೆಜ್ಜೆ ಇಟ್ಟಳು. ಏರಿನ ಮೇಲಿನ ಸೀರೆಯೂ ಅಲುಗಿತು, ಮೊದಲಿಗಿಂತ ನಿಧಾನವಾಗಿ ಮುಂದೆ ನಡೆಯಿತು.