ಹಳ್ಳದ ದಂಡೆಯ ಭರಮವ್ವ

ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಕಲ್ಲನ್ನೆತ್ತಿ, ಅದರ ಅಡಿಭಾಗವನ್ನು ದೂರದೂರಿನ ಪತ್ರ ಓದುವವಳಂತೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮತ್ತೆ ಅದೇ ಗುಳಿಯಲ್ಲಿ ಅದೇ ಮಗ್ಗುಲಿಗೆ ಮಲಗಿಸುವುದು ಭರಮವ್ವನ ನಿತ್ಯಕರ್ಮ. ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ, ಎಡಗಾಲನ್ನಿಟ್ಟು, ನೆಲದ ಅನುಮತಿ ಪಡೆದು ಬಲಗಾಲನ್ನು ತರುವಂಥ ನಡಿಗೆ, ಯಾರು ಏನು ಕೇಳಿದರೂ ಮೊದಲ ಉತ್ತರ, “ತಡೀರಿ.”

ಮೂಡಲಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು ಆಕೆಯನ್ನು ಮೊದಲು ಕಂಡದ್ದು ಒಂದು ಬೇಸಿಗೆಯ ಮುಂಜಾನೆ, ತುಕ್ಕಾನಟ್ಟಿಯ ಹಳ್ಳದಲ್ಲಿ ಮೀನುಗಳು ಸತ್ತು ತೇಲಿದಾಗ. ನೀರು ಪಾಚಿಯ ಹಸಿರು ಕಂಬಳಿ ಹೊದ್ದಿತ್ತು. ಯಾರೋ ವಿಷ ಬೆರೆಸಿದ್ದಾರೆಂದು ಜನ ಗುಸುಗುಸು ಆಡುತ್ತಿದ್ದರು. ವಿಷವಲ್ಲ, ಕಬ್ಬಿನ ಗದ್ದೆಗಳ ಹೆಚ್ಚುವರಿ ಯೂರಿಯಾ, ತಿಪ್ಪೆಗಳ ರಸ. ಅದನ್ನುಂಡು ಬೆಳೆದ ಪಾಚಿಯೇ ನೀರಿನ ಉಸಿರನ್ನು ಕುಡಿದುಬಿಟ್ಟಿದೆ ಎಂದೆ.

“ಹಂಗಂದ್ರ ಕೊಂದಾವ್ರು ನಾವ ಏನ್ರಿ?” ಭರಮವ್ವ ಕೇಳಿದಳು.

ನಾನು ಹೌದೆಂದೆ. ಆ ದಿನ ಮಾತ್ರ ಆಕೆ ತಡೀರಿ ಎನ್ನಲಿಲ್ಲ. ವಾರದೊಳಗೆ ದಂಡೆಗೆ ಹತ್ತಿದ ತನ್ನ ನಾಲ್ಕು ಸಾಲು ಕಬ್ಬನ್ನು ಕಿತ್ತು, ಅಲ್ಲಿ ಹುಲ್ಲು ಬೆಳೆಯಲು ಬಿಟ್ಟಳು. ತಿಪ್ಪೆಯನ್ನು ದಿನ್ನೆಯ ಆಚೆಗೆ ಸಾಗಿಸಿದಳು. ಆಮೇಲೆ ಮನೆಮನೆಗೆ ನಡೆದಳು. “ದಂಡಿಗಿ ನಾಕ ಸಾಲ ಬಿಡ್ರಿ. ಮಳಿ ಬರೂ ಮುಂದ ಗೊಬ್ರ ಹಾಕಬ್ಯಾಡ್ರಿ.” ಕೆಲವರು ನಕ್ಕರು, ಹಲವರು ಬಿಟ್ಟರು. ಪಕ್ಕದ ಹೊಲದ ಮೈದುನ ಕೆಂಚಪ್ಪ ಮಾತ್ರ ಆಕೆಯೊಡನೆ ಮಾತನ್ನೇ ಬಿಟ್ಟ.

ಮೂರನೆಯ ವರ್ಷ ನೀರು ತಿಳಿಯಾಯಿತು. ತಳದ ಮರಳಿನಲ್ಲಿ ಮೋಡಗಳು ನಿದ್ದೆಯಲ್ಲಿ ನಡೆದಂತೆ ನಡೆದುಹೋಗುತ್ತಿದ್ದವು. ಊರು ಹಿಗ್ಗಿತು. ಆದರೆ ನೀರಿನ ಹುಳುಗಳು ಮರಳಿವೆಯೇ ಎಂದು ಭರಮವ್ವ ದಿನವೂ ಎತ್ತಿದ ಕಲ್ಲುಗಳ ಕೆಳಗೆ ಜೀವವಿರಲಿಲ್ಲ. ಮುಂದಿನ ಬೇಸಿಗೆಗೆ ಪಾಚಿಯೂ ಮರಳಿತು. ಕೆಂಚಪ್ಪ ದಂಡೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ನಕ್ಕ: “ಕಬ್ಬ ಹೋತು, ಪಾಚಿ ಹೋಗ್ಲಿಲ್ಲ!”

ಆಕೆ ಬಸ್ಸು ಹಿಡಿದು ನನ್ನ ಮನೆಗೆ ಬಂದಳು. ವರ್ಷಗಟ್ಟಲೆ ಕೆಸರು ನುಂಗಿಕೊಂಡ ಗೊಬ್ಬರ ಸ್ವಲ್ಪ ಸ್ವಲ್ಪವಾಗಿಯೇ ಹೊರಬರುತ್ತದೆ, ಹೋದ ಜೀವಿಗಳು ಇನ್ನೂ ನಿಧಾನವಾಗಿ ಬರುತ್ತವೆ ಎಂದು ವಿವರಿಸಿದೆ.

“ನಾ ಇರೂದ್ರಾಗ ಆಕ್ಕೈತೇನ್ರಿ?”

ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ಆಕೆಯ ಕಣ್ಣು ತೇವವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಹಾ ಮುಗಿಸಿ, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, “ಹಂಗಾರ ಹುಲ್ಲ ಇರ್ಲಿ ಬಿಡ್ರಿ” ಎಂದು ಎದ್ದುಹೋದಳು.

ಏಳನೆಯ ವರ್ಷ, ಮಳೆಗಾಲ ಹಿಂದೆ ಸರಿದ ಮೇಲೆ, ಫೋನಿನಲ್ಲಿ ಒಂದೇ ಮಾತು: “ಬರ್ರಿ.” ಹೋದೆ. ಒದ್ದೆ ಕಲ್ಲಿನ ಅಡಿಯಲ್ಲಿ, ಕೆಟ್ಟ ನೀರಿನಲ್ಲಿ ಬಾಳದ, ಕೂದಲೆಳೆಯಂಥ ಮೂರು ಬಾಲಗಳ ಮರಿಹುಳು ಉಸಿರಾಡುತ್ತಿತ್ತು. ಹಳ್ಳದ ಮೇಲ್ಭಾಗದಲ್ಲಿ, ಕೆಡದೆ ಉಳಿದ ಒರತೆಯಿಂದ ಬಂದಿದ್ದಿರಬೇಕು. ಸಂಜೆಗೆ ಅದರ ಬಳಗ ರೆಕ್ಕೆ ಬಂದು ನೀರಿನಿಂದೆದ್ದಿತು. ಇಳಿಬಿಸಿಲಿನಲ್ಲಿ ಸಾವಿರಾರು ಪಾರದರ್ಶಕ ರೆಕ್ಕೆಗಳು, ಹಳ್ಳವೇ ಕಂಡ ಕನಸೊಂದು ಗಾಳಿಗೇರಿದಂತೆ, ಮೇಲೆ ಕೆಳಗೆ ತೂಗಾಡಿದವು.

ಆಚೆ ದಂಡೆಯಲ್ಲಿ ಕೆಂಚಪ್ಪ ತಲೆಗೆ ಸುತ್ತಿದ್ದ ಟವೆಲನ್ನು ಕೈಗೆ ತೆಗೆದುಕೊಂಡು ನಿಂತಿದ್ದ. “ವೈನಿ, ಇವೇನ?”

ಏಳು ವರ್ಷದ ನಂತರದ ಮೊದಲ ಮಾತು.

“ನಮ್ಮ ಹಳ್ಳದ ಮಂದಿನಪಾ. ಹೊಳ್ಳಿ ಬಂದಾರ.”

ಮುಂದಿನ ಹಂಗಾಮಿಗೆ ಅವನು ಆರು ಸಾಲು ಬಿಟ್ಟ. ಮೀನುಗಳಲ್ಲಿ ಎರಡು ಜಾತಿಯಷ್ಟೇ ಮರಳಿವೆ. ಉಳಿದವು ಬಾರದೆಯೂ ಇರಬಹುದು.

ಉಪಕಾರ ಮಾಡಲು ಹೊರಡುವವರು ಲೋಕದಲ್ಲಿ ಬಹಳ. ತಾನು ಮಾಡುತ್ತಿರುವ ಅಪಕಾರವನ್ನು ಸದ್ದಿಲ್ಲದೆ ನಿಲ್ಲಿಸಿ, ಫಲ ಕಾಣದ ವರ್ಷಗಳಲ್ಲೂ ಅಲ್ಲಿಂದ ಕದಲದವರು ವಿರಳ. ಅಂಥವರು ತಪ್ಪನ್ನು ತಮ್ಮದೆಂದು ಒಪ್ಪಿಕೊಂಡ ಗಳಿಗೆಯಲ್ಲೇ ಭೂಮಿಯ ಒಂದು ಮೂಲೆ ವಾಸಿಯಾಗತೊಡಗಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಬಹಳ ತಡವಾಗಿ.