ನೆಟ್ಟಗಣ್ಣನ ಹೊಳೆ

"ಓರೆ ಮಾಡ್ರಪ್ಪಾ, ಓರೆ! ನೆಟ್ಟಗೆ ತಂದ್ರೆ ಬಾಗಿಲು ದಾಟಲ್ಲ," ಎಂದು ಅತ್ತೆ ಕೂಗಿದರು. ಹೊತ್ತಿದ್ದ ನಾಲ್ವರು ಹೊಸ್ತಿಲಲ್ಲೇ ನಿಂತು ಅಪ್ಪನ ಶವಪೆಟ್ಟಿಗೆಯನ್ನು ವಾಲಿಸಿದರು.

"ನೋಡು, ಹೋಗುವಾಗ್ಲೂ ಆ 'ನೆಟ್ಟಗೆ' ಅನ್ನೋ ಮಾತು ನನ್ನ ತಮ್ಮನ ಬೆನ್ನು ಬಿಡಲಿಲ್ಲ," ಎಂದು ನಗಲು ಹೋಗಿ ಅತ್ತೆ ಅತ್ತುಬಿಟ್ಟರು.

ಮಗಳು ಪೆಟ್ಟಿಗೆಯ ಮೂಲೆ ಗೋಡೆಗೆ ತಾಗದಂತೆ ಅಂಗೈ ಅಡ್ಡ ಹಿಡಿದಿದ್ದಳು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು ಅವಳು.

ಅಂಗಳಕ್ಕೆ ಇಳಿಯುವಷ್ಟರಲ್ಲಿ ಹೊಳೆಯ ತೂಬು ಕಾಯುವವನು ಏದುಸಿರು ಬಿಡುತ್ತ ಓಡಿ ಬಂದ. ಮೊಣಕಾಲವರೆಗೆ ಕೆಸರು.

"ಅಕ್ಕಾ, ಇವತ್ತು ಕೇಳಬಾರದು. ಆದ್ರೂ ಕೇಳ್ತೀನಿ. ಕೆಂಪುನೀರು ಬಂದುಬಿಡ್ತು. ಹಲಗೆ ತೆಗೀಲಾ, ಬೇಡ್ವಾ?"

"ನನ್ನ ಕೇಳ್ತೀರಾ?"

"ಇನ್ಯಾರ್ನ ಕೇಳ್ಲಿ? ಹೇಳೋರನ್ನ ಹೊತ್ಕೊಂಡು ನಿಂತಿದೀರಿ."

ಹೊಳೆಯ ಹಳೆಯ ತಿರುವಿನ ಬಾಯಲ್ಲಿ, ಏರಿಯ ನಡುವೆ, ಒಂದರ ಮೇಲೊಂದು ಐದು ಹಲಗೆ ಜೋಡಿಸಿದ ತೂಬು. ಮಣ್ಣು ಹೊತ್ತು ಬರುವ ವರ್ಷದ ಮೊದಲ ಕೆಂಪುನೀರು ಇರುವುದು ನಾಲ್ಕೈದು ತಾಸು ಮಾತ್ರ. ಮೊಟ್ಟೆಯಿಡುವ ಮೀನು ಬರುವುದೂ ಅದರ ಜೊತೆಗೇ. ಹಲಗೆ ತೆಗೆಯದಿದ್ದರೆ ಆಚೆಯ ಜೌಗಿಗೆ ಆ ವರ್ಷ ಮೀನಿಲ್ಲ. ತೆಗೆದಾಗ ಬಂದದ್ದು ಮರಳುನೀರಾದರೆ ಬಾಯಿ ಮುಚ್ಚಿಹೋಗಿ, ಮೂವತ್ತು ವರ್ಷದ ಕೆಲಸ ಮಣ್ಣುಪಾಲು. ಯಾವ ನೀರು ಒಳ್ಳೆಯದೆಂದು ಇಷ್ಟು ವರ್ಷವೂ ಹೇಳಿದವರು ಅಪ್ಪನೊಬ್ಬರೇ.

"ಸ್ಮಶಾನದ ದಾರಿ ಏರಿ ಮೇಲೇ ತಾನೆ," ಎಂದಳು ಮಗಳು. "ಅಲ್ಲಿಗೆ ಹೋಗಿ ನೋಡೋಣ."

*

ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಅಪ್ಪ ಮಣ್ಣು ಅಗೆಯುವ ಯಂತ್ರ ಓಡಿಸುತ್ತಿದ್ದರು. ಇಲಾಖೆಯ ಸಾಹೇಬರು ತಿರುವಿನಲ್ಲಿ ತುಂಬಿದ ಹೂಳು ತೋರಿಸಿ, "ಇಲ್ಲಿ ಹೊಳೆ ನೆಟ್ಟಗೆ ಮಾಡಿಬಿಡಪ್ಪಾ" ಎಂದು ಹೇಳಿ ರಜೆಯ ಮೇಲೆ ಹೋದರು. ಹೂಳೆತ್ತಿ ಚೊಕ್ಕ ಮಾಡು ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಅಪ್ಪ ಮಾತನ್ನು ಆಡಿದಂತೆಯೇ ಹಿಡಿದರು. ಒಂಬತ್ತೇ ದಿನದಲ್ಲಿ ತಿರುವಿನ ಕತ್ತು ಕಡಿದು, ಹಾವಿನಂತಿದ್ದ ಹೊಳೆಯನ್ನು ಎಳೆದ ಹಗ್ಗ ಮಾಡಿಟ್ಟರು.

ಸಾಹೇಬರು ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಆದರೆ ನೀರು ಸರಸರನೆ ಓಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಮೇಲಿನಿಂದ ಮೆಚ್ಚುಗೆಯ ಪತ್ರವೂ ಬಂತು. ಸಾಹೇಬರು ತುಟಿ ಹೊಲಿದುಕೊಂಡರು. ಅಪ್ಪನಿಗೆ 'ನೆಟ್ಟಗಣ್ಣ' ಎಂಬ ಹೆಸರು ಬಿತ್ತು.

ಆರು ವರ್ಷಕ್ಕೆ ತಿರುವಿನ ಜೌಗು ಬಿರುಕು ಬಿಟ್ಟಿತು. ಜೊಂಡು ಒಣಗಿತು. ಸುತ್ತಲಿನ ಬಾವಿಗಳ ಹಗ್ಗಗಳು ಉದ್ದವಾದವು. ತಂಗಲು ಜಾಗವಿಲ್ಲದ ಮಳೆನೀರು ಕೆಳಗಿನ ಬೀದಿಗಳಿಗೆ ನುಗ್ಗಿತು. ಅಪ್ಪ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಹಳೆಯ ತಿರುವಿಗೆ ಮತ್ತೆ ನೀರು ಬಿಡಲು ತೂಬು ಕಟ್ಟಿಸಿದರು. ಎಲ್ಲಿ ಹೋದರೂ ಅವರ ಮೊದಲ ಮಾತು ಒಂದೇ: "ಇದು ನಾನು ಕೆಡಿಸಿದ್ದು."

"ಯಾರೂ ಕೇಳ್ದೆ ಯಾಕಪ್ಪಾ ಹೇಳ್ಕೋತೀಯ?" ಎಂದು ಮಗಳು ನಾಚಿಕೆಯಿಂದ ಗದರಿದ್ದಳು.

"ಕೇಳೋವರೆಗೂ ಕಾದ್ರೆ ಬಚ್ಚಿಟ್ಟ ಹಾಗಾಗುತ್ತಮ್ಮಾ."

ಉಳಿದದ್ದನ್ನು ಹೊಳೆಯೇ ಮಾಡಿತು. ವರ್ಷವರ್ಷವೂ ಬೆರಳ ದಪ್ಪ ಮೆಕ್ಕಲು ಬಿಟ್ಟುಹೋಯಿತು. ಮೆಕ್ಕಲಿನಲ್ಲಿ ಜೊಂಡು ಎದ್ದಿತು, ಜೊಂಡಿಗೆ ಹಕ್ಕಿ ಬಂದವು. "ಒಂಬತ್ತು ದಿನದ ತಪ್ಪನ್ನ ಮೂವತ್ತು ವರ್ಷದಿಂದ ತಿದ್ದುತ್ತಿದೆ," ಎನ್ನುತ್ತಿದ್ದರು ಅಪ್ಪ. "ಒಂದು ದಿನ ಬೈದಿಲ್ಲ ನೋಡು."

*

ಏರಿಯ ಮೇಲೆ ಮೆರವಣಿಗೆ ನಿಂತಿತು. ಹಳೆಯ ಸಾಹೇಬರೂ ಕೋಲೂರಿಕೊಂಡು ಬಂದಿದ್ದರು. ಮಗಳು ಅವರ ಕೈಯಲ್ಲಿದ್ದ ಬಾಟಲಿ ಕೇಳಿ ಪಡೆದು, ಕುಡಿಯುವ ನೀರು ಚೆಲ್ಲಿ, ಹೊಳೆನೀರು ತುಂಬಿದಳು. ಕುಲುಕಿ ನೂರು ಎಣಿಸುವುದು ಅಪ್ಪನ ಕ್ರಮ. ತಳಕ್ಕೆ ಬಿದ್ದರೆ ಮರಳು, ತೇಲುತ್ತಿದ್ದರೆ ಮೆಕ್ಕಲು.

ನೂರಾಯಿತು. ತಳದಲ್ಲಿ ಒಂದು ಬೆರಳು ಮರಳು. ಮೇಲೆ ಗಟ್ಟಿ ಚಹಾದಂಥ ಕೆಂಪು.

"ಎರಡೂ ಇದೆ," ಎಂದ ತೂಬಿನವನು. "ಅಣ್ಣ ಆಗಿದ್ರೆ ಬೇಡ ಅಂತಿದ್ರು. ಈ ಸಲ ಮೀನಿಲ್ಲ, ಬಿಡಿ."

ಅವಳು ಮತ್ತೆ ಕುಲುಕಿದಳು, ಮತ್ತೆ ಎಣಿಸಿದಳು. ಮತ್ತೊಮ್ಮೆ.

"ಬೀಗ ಎಳೆದ ಹಾಗೆ ಎಳೀತಿದೀಯಲ್ಲೇ!" ಎಂದರು ಅತ್ತೆ. "ಹೊತ್ತವರ ಹೆಗಲು ನೋಡು."

ಮೂರನೆಯ ಸಲ ಅವಳ ಕಣ್ಣು ತಳದ ಮೇಲಿರಲಿಲ್ಲ. ಬಾಟಲಿಯ ಮೇಲರ್ಧದಲ್ಲಿ ಒಂದು ಕಾಳು ಮರಳೂ ಇರಲಿಲ್ಲ.

"ಮೇಲಿನ ಎರಡು ಹಲಗೆ ಮಾತ್ರ ತೆಗೀರಿ," ಎಂದಳು. "ಕೆಳಗಿನ ಮೂರು ಇರ್ಲಿ. ಮರಳು ಹೊಳೆಯ ತಳದಲ್ಲೇ ಹಾದುಹೋಗುತ್ತೆ."

"ಅಣ್ಣ ಯಾವತ್ತೂ ಹಾಗೆ ಮಾಡಿಲ್ವಲ್ಲಕ್ಕಾ. ತೆಗೆದ್ರೆ ಐದೂ, ಇಲ್ದಿದ್ರೆ ಒಂದೂ ಇಲ್ಲ."

"ಗೊತ್ತು. ಕೆಟ್ಟರೆ ನಾನು ಹೇಳಿದ್ದು ಅಂತ ಎಲ್ಲರಿಗೂ ನಾನೇ ಹೇಳ್ತೀನಿ."

ತೂಬಿನವನು ಇಳಿದು ಮೊದಲ ಹಲಗೆಗೆ ಕೈ ಹಾಕಿದ. ಅದು ಜಗ್ಗಲಿಲ್ಲ. ಆಗ ಸಾಹೇಬರು ಕೋಲನ್ನು ಅತ್ತೆಯ ಕೈಗಿತ್ತು, ಕೆಸರಿನಲ್ಲಿ ಮಂಡಿಯೂರಿ ಇನ್ನೊಂದು ತುದಿ ಹಿಡಿದರು.

"ಕೆಡಿಸಿದ್ರಲ್ಲಿ ನನ್ನ ಪಾಲೂ ಇದೆ ಅಂತ ಅವನ ಜೊತೆ ನಾನೂ ಅವತ್ತೇ ಹೇಳಬೇಕಿತ್ತು ಕಣಮ್ಮಾ," ಎಂದರು, ಯಾರನ್ನೂ ನೋಡದೆ. "ಎತ್ತಪ್ಪಾ."

ಮೊದಲನೆಯದು ಬಂತು. ಎರಡನೆಯದು ಎದ್ದಾಗ ಕೆಂಪುನೀರು ತೆಳ್ಳಗೆ ಜಾರಿ ಜೊಂಡಿನ ಬುಡಗಳನ್ನು ಸವರುತ್ತ ಹರಡಿತು. ಮಗಳು ನೀರು ಬೀಳುವ ಕಡೆ ಕೈಯಿಟ್ಟು, ಬೆರಳುಗಳನ್ನು ಉಜ್ಜಿ ನೋಡಿದಳು. ನುಣ್ಣಗಿತ್ತು. ಅಷ್ಟರಲ್ಲಿ ಅಂಗೈಯಗಲದ ಒಂದು ಮೀನು ಹಲಗೆಯ ಅಂಚಿನಲ್ಲಿ ಹೊಟ್ಟೆ ಉಜ್ಜಿಕೊಂಡು, ಬೆನ್ನು ಮಿಂಚಿಸಿ ಒಳಗೆ ಧುಮುಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು.

ಹೊತ್ತಿದ್ದ ನಾಲ್ವರು ಪೆಟ್ಟಿಗೆಯನ್ನು ಇಳಿಸಲೂ ಇಲ್ಲ, ಮುಂದೆ ನಡೆಯಲೂ ಇಲ್ಲ. ಹೆಗಲ ಮೇಲೆ ಹಾಗೇ ಇಟ್ಟುಕೊಂಡು ಏರಿಯ ಅಂಚಿಗೆ ಸರಿದು, ಕತ್ತು ಚಾಚಿ ನೋಡುತ್ತ ನಿಂತರು.